ಬ್ರೆಡ್ ಗಟ್ಟಿಯಾಗಿದ್ದು ಯಾಕೆ

"ಮಾವ, ನಿಜ ಹೇಳಿ. ನಿನ್ನೆ ಏನು ತಿಂದ್ರಿ?"

ಅಮ್ಮ ಕೈಯಲ್ಲಿದ್ದ ಪುಟ್ಟ ಮೀಟರನ್ನು ತಾತನ ಮುಖದ ಮುಂದೆ ಹಿಡಿದಳು. ಅದರಲ್ಲಿ ಇನ್ನೂರ ಹದಿನಾಲ್ಕು ಎಂದು ಮಿನುಗುತ್ತಿತ್ತು. ತಾತ ಸೂಜಿ ಚುಚ್ಚಿಸಿಕೊಂಡ ಬೆರಳಿಗೆ ಹತ್ತಿ ಒತ್ತಿಕೊಂಡು ಕಿಟಕಿಯ ಕಡೆ ನೋಡಿದ.

"ಏನೂ ತಿಂದಿಲ್ಲಮ್ಮ."

"ಏನೂ ತಿನ್ನದೆ ಶುಗರ್ ಹೀಗೆ ಏರುತ್ತಾ? ಅದೂ ಖಾಲಿ ಹೊಟ್ಟೆಯಲ್ಲಿ."

"ಗಾಳಿಯಲ್ಲಿ ಬಂತೇನೋ. ಬೇಕರಿ ಗಾಳಿ ಅಲ್ವಾ."

ಮೇಜಿನ ಇನ್ನೊಂದು ತುದಿಯಲ್ಲಿ ಹಾಲು ಕುಡಿಯುತ್ತಿದ್ದ ಇಲಿಮರಿಗೆ ನಗು ಬಂತು. ಅಮ್ಮ ಒಮ್ಮೆ ಅವಳ ಕಡೆ ನೋಡಿದಳು. ನಗು ಹಾಲಿನ ಜೊತೆಗೇ ಒಳಗೆ ಹೋಯಿತು.

ಇಲಿಮರಿ ಎನ್ನುವುದು ಅವಳ ನಿಜವಾದ ಹೆಸರಲ್ಲ. ಐದನೇ ಕ್ಲಾಸಿನ ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ. ಆದರೆ ಅವಳು ಅಂಬೆಗಾಲಿಡುತ್ತಿದ್ದಾಗಿನಿಂದಲೂ ಬೇಕರಿಯ ಮೈದಾ ಮೂಟೆಗಳ ಸಂದಿಯಲ್ಲಿ ನುಸುಳಿ ಮೈಯೆಲ್ಲ ಬೆಳ್ಳಗೆ ಮಾಡಿಕೊಂಡು ಬರುತ್ತಿದ್ದಳು. ತಾತ ಇಲಿಮರಿ ಎಂದ. ಅದೇ ಅಂಟಿಕೊಂಡಿತು.

ಅವರದು ಮುಂದೆ ಬೇಕರಿ, ಹಿಂದೆ ಮನೆ. ನಡುವೆ ಒಂದೇ ಒಂದು ಬಾಗಿಲು. ನಲವತ್ತು ವರ್ಷ ತಾತನೇ ಓವನ್ ಮುಂದೆ ನಿಂತಿದ್ದ. ಈಗ ಅಪ್ಪ ನಿಲ್ಲುತ್ತಾನೆ. ಅಮ್ಮ ಕೌಂಟರ್ ನೋಡಿಕೊಳ್ಳುತ್ತಾಳೆ. ತಾತ ಓವನ್ ಪಕ್ಕದ ಬೆಂಚಿನಲ್ಲಿ ಕೂತು, ಬ್ರೆಡ್ ಬೆಂದದ್ದು ಸಾಕೋ ಸಾಲದೋ ಎಂದು ಹೇಳುತ್ತಾನೆ. ಅಪ್ಪ ಕೇಳದಿದ್ದರೂ ಹೇಳುತ್ತಾನೆ.

ಎರಡು ತಿಂಗಳ ಹಿಂದೆ ಒಂದು ತಗಡಿನ ಟ್ರೇ ಜಾರಿ ತಾತನ ಕಾಲಿನ ಹೆಬ್ಬೆರಳಿನ ಮೇಲೆ ಬಿದ್ದಿತ್ತು. ಸಣ್ಣ ಗಾಯ. ಇಲಿಮರಿಗೆ ಅಂಥ ಗಾಯವಾದರೆ ಒಂದು ವಾರದಲ್ಲಿ ಹಕ್ಕಳೆ ಕಟ್ಟಿ ಉದುರಿಹೋಗುತ್ತದೆ. ತಾತನದು ಮಾತ್ರ ಇವತ್ತಿಗೂ ಹಸಿಯಾಗಿಯೇ ಇತ್ತು. ಶುಗರ್ ಇಳಿಯದೆ ಗಾಯ ಒಣಗುವುದಿಲ್ಲ ಎಂದು ಡಾಕ್ಟರ್ ಎರಡು ಸಲ ಮಾತ್ರೆ ಹೆಚ್ಚಿಸಿದ್ದರು. ಮುಂದಿನ ತಿಂಗಳೂ ಹೀಗೇ ಇದ್ದರೆ ಆಸ್ಪತ್ರೆಗೆ ಸೇರಿಸಬೇಕು ಎಂದಿದ್ದರು.

ಅಪ್ಪ ಕೈಗೆ ಹಿಟ್ಟು ಮೆತ್ತಿಕೊಂಡೇ ಒಳಗೆ ಬಂದ. "ಎಷ್ಟು?"

ಅಮ್ಮ ಮೀಟರ್ ತೋರಿಸಿದಳು. ಅಪ್ಪನ ಹುಬ್ಬು ಗಂಟಾಯಿತು.

"ನಿನ್ನೆ ಸಾಯಂಕಾಲ ಟ್ರೇಯಲ್ಲಿ ಎರಡು ಜಾಮ್ ಬನ್ ಕಮ್ಮಿ ಇತ್ತು," ಎಂದ. "ಬೆಕ್ಕು ಜಾಮ್ ಬನ್ ತಿನ್ನಲ್ಲ."

ತಾತ ಬೆರಳಿನ ಹತ್ತಿಯನ್ನೇ ನೋಡುತ್ತ ಕೂತ. ಇಲಿಮರಿ ಲೋಟದೊಳಗೆ ಮುಖ ಹುದುಗಿಸಿದಳು. ಹಾಲು ಮುಗಿದು ಬಹಳ ಹೊತ್ತಾಗಿತ್ತು.

ಆ ಎರಡು ಬನ್ ತಿಂದದ್ದು ಅವಳೇ. ಮೈದಾ ಮೂಟೆಗಳ ಹಿಂದೆ, ಲೆಕ್ಕದ ಹೋಮ್‌ವರ್ಕ್ ಮಾಡುತ್ತಾ.

ಹೇಳಿಬಿಡೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಅಪ್ಪನೇ ಅವಳ ಕಡೆ ತಿರುಗಿದ. "ಇಲಿಮರಿ, ಸ್ಕೂಲಿಂದ ಬಂದ ಮೇಲೆ ತಾತನ ಮೇಲೆ ಒಂದು ಕಣ್ಣಿಡು. ಏನು ತಿಂತಾರೆ ನೋಡ್ಕೊ. ನಮಗೆ ಗಿರಾಕಿಗಳ ನಡುವೆ ಆಗಲ್ಲ."

"ಹೂಂ," ಎಂದಳು ಇಲಿಮರಿ.

ಅವತ್ತು ಸಾಯಂಕಾಲದಿಂದಲೇ ಅವಳು ಒಂದು ಹಳೇ ನೋಟ್‌ಬುಕ್ಕಿನಲ್ಲಿ ಬರೆಯಲು ಶುರುಮಾಡಿದಳು. ತಾತ ಸಿಕ್ಕಿಬೀಳಲಿ ಎಂದಲ್ಲ. ತಾತ ನಿಜವಾಗಿಯೂ ಏನೂ ತಿನ್ನುತ್ತಿಲ್ಲವಾದರೆ ಶುಗರ್ ಎಲ್ಲಿಂದ ಬರುತ್ತಿದೆ ಎನ್ನುವುದು ಅವಳ ತಲೆಯಲ್ಲಿ ಕೊರೆಯತೊಡಗಿತ್ತು.

ಮೊದಲನೇ ದಿನ ಹೀಗೆ ಬರೆದಿದ್ದಳು: "4.10, ಸಕ್ಕರೆ ಇಲ್ಲದ ಟೀ. 4.15, ಬ್ರೆಡ್ ಎರಡು ಸ್ಲೈಸ್, ಅಂಚು ಬಿಟ್ಟು. ಅಂಚು ಜೇಬಿಗೆ. 5.00, ಗುಬ್ಬಿಗಳಿಗೆ ಅಂಚು. 5.20, ಅಪ್ಪನ ಜೊತೆ ಜಗಳ."

ಜಗಳ ಬ್ರೆಡ್ಡಿನದೇ ಆಗಿತ್ತು.

"ಏನೋ ಇದು, ಬ್ರೆಡ್ಡೋ ಹಲಗೆಯೋ?" ಎಂದಿದ್ದ ತಾತ, ಓವನ್‌ನಿಂದ ಆಗಷ್ಟೇ ಇಳಿದ ಬ್ರೆಡ್ಡಿನ ಅಂಚನ್ನು ಕೈಯಲ್ಲಿ ಹಿಡಿದು. "ಇಷ್ಟು ಗಟ್ಟಿ ಮಾಡಿದ್ರೆ ಯಾರು ತಿಂತಾರೆ?"

"ನೀನು ಕಲಿಸಿದ ಹಾಗೇ ಮಾಡ್ತಿದ್ದೀನಪ್ಪ. ಅದೇ ಹಿಟ್ಟು, ಅದೇ ಈಸ್ಟು, ಅದೇ ಟೈಮು."

"ನಾನು ಮಾಡಿದಾಗ ಹೀಗಿರ್ತಿರಲಿಲ್ಲ."

ಅಪ್ಪ ಮುಂದಿನ ಟ್ರೇಯನ್ನು ಬೇಕೆಂದೇ ಸದ್ದು ಮಾಡಿ ಒಳಗೆ ತಳ್ಳಿದ. ಈ ಜಗಳ ಮೂರು ನಾಲ್ಕು ತಿಂಗಳಿಂದ ವಾರಕ್ಕೆರಡು ಸಲವಾದರೂ ಆಗುತ್ತಿತ್ತು. ತಾತ ಆಚೆ ಹೋದ ಮೇಲೆ ಅಪ್ಪ ಬ್ರೆಡ್ಡಿನ ತುಂಡೊಂದನ್ನು ತಾನೇ ಕಚ್ಚಿ ನೋಡಿ, ಕಣ್ಣು ಮುಚ್ಚಿ ಅಗಿದು, ತಲೆ ಕೊಡವಿದ್ದನ್ನು ಇಲಿಮರಿ ನೋಡಿದಳು.

ಎರಡನೇ ದಿನ, ಮೂರನೇ ದಿನ, ನಾಲ್ಕನೇ ದಿನ. ಜಾಮ್ ಬನ್ ಇಲ್ಲ, ಬಿಸ್ಕೆಟ್ ಇಲ್ಲ, ಕೇಕಿನ ಚೂರೂ ಇಲ್ಲ. ತಾತ ಸಿಹಿಯ ಟ್ರೇಗಳತ್ತ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಆದರೆ ನೋಟ್‌ಬುಕ್ಕಿನಲ್ಲಿ ಬೇರೆ ವಿಚಿತ್ರ ಸಂಗತಿಗಳು ಸೇರತೊಡಗಿದವು.

"ಅಮ್ಮ ಕೊಟ್ಟ ಸೇಬಿನ ಹೋಳು ತಿನ್ನಲಿಲ್ಲ. ಅದೂ ಜೇಬಿಗೆ."

"ಅಗಿಯುವಾಗ ತಲೆ ಎಡಗಡೆಗೆ ವಾಲಿಸುತ್ತಾನೆ. ಯಾವಾಗಲೂ ಎಡಗಡೆಗೇ."

"ಫ್ರಿಜ್‌ನ ನೀರು ಬೇಡ ಅಂದ. ಹಲ್ಲಿನ ಮಧ್ಯದಿಂದ ಸ್ಸ್ ಅಂದ."

ಐದನೇ ದಿನ ತಾತ ಹಿತ್ತಲಿನ ನಲ್ಲಿಯಲ್ಲಿ ಬಾಯಿ ಮುಕ್ಕಳಿಸುವಾಗ ಅವಳು ಬಾಗಿಲ ಹಿಂದೆ ನಿಂತಿದ್ದಳು. ತಾತ ಉಗಿದ ನೀರು ಗುಲಾಬಿ ಬಣ್ಣಕ್ಕಿತ್ತು.

"ತಾತ, ಅದೇನು ಕೆಂಪಗೆ?"

ತಾತ ಬೆಚ್ಚಿ ನಲ್ಲಿಯನ್ನು ಪೂರ್ತಿ ತಿರುಗಿಸಿದ. ನೀರು ಭರ್ರನೆ ಎಲ್ಲವನ್ನೂ ಕೊಚ್ಚಿಕೊಂಡು ಹೋಯಿತು. "ಬೀಟ್‌ರೂಟ್ ತಿಂದಿದ್ದೆ," ಎಂದ.

ಇಲಿಮರಿ ಅಡುಗೆಮನೆಗೆ ಹೋಗಿ ತರಕಾರಿ ಬುಟ್ಟಿ ನೋಡಿದಳು. ಆಲೂಗಡ್ಡೆ ಇತ್ತು. ಈರುಳ್ಳಿ ಇತ್ತು. ಬೀಟ್‌ರೂಟ್ ಬಂದು ಯಾವ ಕಾಲವಾಯಿತೋ.

ಮರುದಿನ ಅವಳು ಸ್ಕೂಲಿಗೆ ಒಂದು ಇಡೀ ಬ್ರೆಡ್ ತೆಗೆದುಕೊಂಡು ಹೋದಳು. ವಿಜ್ಞಾನದ ಟೀಚರ್ ಒಂದು ಮಾತು ಹೇಳಿದ್ದರು: ಅನುಮಾನ ಬಂದರೆ ಪರೀಕ್ಷೆ ಮಾಡಬೇಕು, ಒಬ್ಬರ ಮಾತು ಸಾಲದು. ಊಟದ ಬಿಡುವಿನಲ್ಲಿ ಅವಳು ಹತ್ತು ಜನರನ್ನು ಸಾಲಾಗಿ ಕೂರಿಸಿ ಎಲ್ಲರಿಗೂ ಒಂದೊಂದು ಅಂಚು ಕೊಟ್ಟಳು.

"ಗಟ್ಟಿಯೋ, ಮೆತ್ತಗೋ? ಸರಿಯಾಗಿ ಅಗಿದು ಹೇಳಿ."

"ಮೆತ್ತಗೆ," ಎಂದರು ಏಳು ಜನ. "ಸ್ವಲ್ಪ ಗರಿಗರಿ, ಆದ್ರೆ ಮೆತ್ತಗೆ," ಎಂದರು ಇಬ್ಬರು. ಹತ್ತನೆಯವನು, "ಇನ್ನೊಂದು ಕೊಟ್ರೆ ಹೇಳ್ತೀನಿ," ಎಂದ. ಇನ್ನೊಂದು ಕೊಟ್ಟ ಮೇಲೂ, "ಇನ್ನೂ ಗೊತ್ತಾಗ್ತಿಲ್ಲ," ಎಂದ.

ಮನೆಗೆ ಬರುವ ದಾರಿಯಲ್ಲಿ ಇಲಿಮರಿ ಯೋಚಿಸಿದಳು. ಬ್ರೆಡ್ ಬದಲಾಗಿಲ್ಲ. ಅಪ್ಪ ಬದಲಾಯಿಸಿಲ್ಲ. ಆದರೂ ತಾತನಿಗೆ ಗಟ್ಟಿ. ಹಾಗಾದರೆ ಬದಲಾದದ್ದು ಏನು?

ಅವಳ ನಡಿಗೆ ತಾನಾಗಿಯೇ ನಿಧಾನವಾಯಿತು. ಬೇಕರಿಯ ಬಾಗಿಲು ಬಂದಾಗ ಉತ್ತರವೂ ಬಂದಿತ್ತು.

ತಾತ ಬೆಂಚಿನಲ್ಲಿ ಒಬ್ಬನೇ ಕೂತಿದ್ದ. ಅಪ್ಪ ಮೈದಾ ತರಲು ಹೋಗಿದ್ದ. ಅಮ್ಮ ಮುಂದೆ ಯಾರಿಗೋ ಬ್ರೆಡ್ ಕಟ್ಟಿಕೊಡುತ್ತಿದ್ದಳು. ಇಲಿಮರಿ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದಳು.

"ತಾತ, ನಿನ್ನ ಹಲ್ಲು ನೋಯುತ್ತಾ?"

ತಾತ ಕಾಲಿನ ಬ್ಯಾಂಡೇಜ್ ಸರಿಮಾಡಿಕೊಂಡ. ಓವನ್ ಕಡೆ ನೋಡಿದ. ಆಮೇಲೆ ಬಾಯಿ ತೆರೆದು, ಒಂದು ಬೆರಳಿನಿಂದ ಮುಂದಿನ ಹಲ್ಲನ್ನು ಮುಟ್ಟಿದ. ಅದು ಅಲ್ಲಾಡಿತು. ಪಕ್ಕದ್ದೂ ಅಲ್ಲಾಡಿತು. ವಸಡು ಊದಿಕೊಂಡು ಕೆಂಪಗೆ ಮಿರುಗುತ್ತಿತ್ತು.

ಇಲಿಮರಿಯ ಹಲ್ಲುಗಳೂ ಅಲ್ಲಾಡಿ ಬಿದ್ದಿದ್ದವು. ಆದರೆ ಅವಳಿಗೆ ಹೊಸ ಹಲ್ಲು ಬರುತ್ತದೆ.

"ಎಷ್ಟು ದಿನದಿಂದ?"

"ಎಷ್ಟೋ ದಿನ. ಮೊದಲು ರಕ್ತ ಬರ್ತಿತ್ತು ಅಷ್ಟೇ. ಬ್ರಷ್ ಮಾಡಿದ್ರೆ ನೋವು, ಅದಕ್ಕೇ ಬ್ರಷ್ ಮಾಡೋದನ್ನೇ ಬಿಟ್ಟೆ."

"ಅಪ್ಪನಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ?" ತಾತ ಮುಖ ಒರೆಸಿಕೊಂಡ. "ಎಲ್ಲ ಕೀಳಿಸ್ತಾರೆ. ಆಮೇಲೆ ನಾನು ಇಲ್ಲಿ ಏನು ಮಾಡಲಿ? ಓವನ್ ಮುಂದೆ ನಿಲ್ಲೋಕೆ ಕಾಲು ಕೇಳಲ್ಲ. ಮೂಟೆ ಎತ್ತೋಕೆ ತೋಳು ಕೇಳಲ್ಲ. ಉಳಿದಿರೋದು ಒಂದೇ ಕೆಲಸ, ಕಚ್ಚಿ ನೋಡಿ ಬೆಂದಿದೆಯಾ ಅಂತ ಹೇಳೋದು. ಅದೂ ಹೋದ್ರೆ ಮನೆಯಲ್ಲಿ ಮಲಗಿಸ್ತಾರೆ ಇಲಿಮರಿ. ಗೋಡೆ ನೋಡ್ಕೊಂಡು ಬಿದ್ದಿರಬೇಕು."

ಅವನು ಅದನ್ನು ಹೇಳಿದ ರೀತಿಗೆ ಇಲಿಮರಿಗೆ ತನ್ನ ಗುಟ್ಟನ್ನು ಇಟ್ಟುಕೊಳ್ಳಲು ಆಗಲಿಲ್ಲ.

"ತಾತ, ಆ ಜಾಮ್ ಬನ್ ತಿಂದಿದ್ದು ನಾನು. ಎರಡೂ."

"ಗೊತ್ತು."

"ಗೊತ್ತಾ?"

"ನಿನ್ನ ತೋಳಿನ ಮೇಲೆ ಜಾಮ್ ಇತ್ತು."

"ಮತ್ತೆ ಯಾಕೆ ಸುಮ್ಮನಿದ್ದೆ?"

"ನಾನು ತಿಂದಿದ್ದೀನಿ ಅಂತಾನೇ ಅವರೆಲ್ಲ ಅಂದ್ಕೊಂಡಿದ್ದಾರೆ. ಅದರ ಮೇಲೆ ಎರಡು ಬನ್ನು ಹೆಚ್ಚಾದರೇನು, ಕಮ್ಮಿಯಾದರೇನು?" ತಾತ ಅವಳ ಕೈ ಹಿಡಿದ. "ಹಲ್ಲಿನ ವಿಷಯ ಅಪ್ಪ ಅಮ್ಮನಿಗೆ ಹೇಳಲ್ಲ ಅಂತ ಮಾತು ಕೊಡು."

ಇಲಿಮರಿ ಮಾತು ಕೊಟ್ಟಳು. ಕೊಟ್ಟ ಕೂಡಲೇ ಅದು ಭಾರ ಅನ್ನಿಸಿತು.

ಪ್ರತಿ ಶನಿವಾರ ಬೀದಿಯ ಕೊನೆಯಲ್ಲಿರುವ ಹಲ್ಲಿನ ಡಾಕ್ಟರ್‌ಗೆ ಒಂದು ಗೋಧಿ ಬ್ರೆಡ್ ತಲುಪಿಸುವುದು ಅವಳದೇ ಕೆಲಸ. ಕ್ಲಿನಿಕ್ ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಅವತ್ತು ಅವಳು ಬ್ರೆಡ್ ಕೊಟ್ಟು ಹೊರಡಲಿಲ್ಲ. ಬಾಗಿಲಲ್ಲೇ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಬದಲಾಯಿಸುತ್ತ ನಿಂತಳು.

"ಏನಮ್ಮ?" ಎಂದರು ಡಾಕ್ಟರ್. ಮಧ್ಯಾಹ್ನದ ಹೊತ್ತು, ರೋಗಿಗಳು ಯಾರೂ ಇರಲಿಲ್ಲ. ಅವರು ಮಾಸ್ಕ್ ಇಳಿಸಿ ಟೀ ಕುಡಿಯುತ್ತಿದ್ದರು.

"ನನ್ನ ಫ್ರೆಂಡ್ ಒಬ್ಬರಿಗೆ ಹಲ್ಲು ಅಲ್ಲಾಡ್ತಿದೆ."

"ಅಲ್ಲಾಡಲಿ ಬಿಡು. ಈ ವಯಸ್ಸಲ್ಲಿ ಅಲ್ಲಾಡಬೇಕಾದ್ದೇ. ಎಷ್ಟು ವಯಸ್ಸು?"

"ಅರವತ್ತೆಂಟು."

ಡಾಕ್ಟರ್ ಟೀ ಲೋಟ ಕೆಳಗಿಟ್ಟರು. ನಗಲಿಲ್ಲ. ಅದು ಇಲಿಮರಿಗೆ ಇಷ್ಟವಾಯಿತು.

"ನಿನ್ನ ಫ್ರೆಂಡ್‌ಗೆ ವಸಡಿನಲ್ಲಿ ರಕ್ತ ಬರುತ್ತಾ?"

"ಬರುತ್ತೆ. ಬೀಟ್‌ರೂಟ್ ಅಂತಾರೆ."

"ಶುಗರ್ ಇದೆಯಾ?"

ಇಲಿಮರಿಯ ಕಣ್ಣು ಅಗಲವಾಯಿತು. "ನಿಮಗೆ ಹೇಗೆ ಗೊತ್ತಾಯ್ತು? ನಾನು ಹೇಳಲೇ ಇಲ್ಲ."

"ಅವೆರಡೂ ಎಷ್ಟೋ ಸಲ ಜೊತೆಗೇ ಬರುತ್ತವೆ. ಕೂತ್ಕೊ."

ಇಲಿಮರಿ ರೋಗಿಗಳ ದೊಡ್ಡ ಕುರ್ಚಿಯ ಮೇಲೇ ಹತ್ತಿ ಕೂತಳು. ಡಾಕ್ಟರ್ ತಮ್ಮ ಅಂಗೈಯನ್ನು ಅವಳ ಮುಂದೆ ಬಿಡಿಸಿ ಹಿಡಿದರು.

"ವಸಡಿನ ಕಾಯಿಲೆ ಜೋರಾಗಿದ್ದರೆ ಒಂದೊಂದು ಹಲ್ಲಿನ ಸುತ್ತಲೂ ಒಳಗಡೆ ಹುಣ್ಣಾಗಿರುತ್ತೆ. ಆ ಹುಣ್ಣನ್ನೆಲ್ಲ ಬಿಡಿಸಿ ಒಂದೇ ಕಡೆ ಹಾಸಿದರೆ ಹೆಚ್ಚೂ ಕಮ್ಮಿ ಇಷ್ಟಾಗಬಹುದು. ಇಷ್ಟು ದೊಡ್ಡ ಗಾಯ ನಿನ್ನ ಬೆನ್ನ ಮೇಲಿದ್ದರೆ ಮನೆಯಲ್ಲಿ ಏನು ಮಾಡ್ತಾರೆ?"

"ಅಮ್ಮ ಅಳ್ತಾಳೆ. ಅಪ್ಪ ಅಂಗಡಿ ಮುಚ್ಚಿ ಆಸ್ಪತ್ರೆಗೆ ಓಡ್ತಾನೆ."

"ಅದೇ ಬಾಯೊಳಗಿದ್ರೆ ಯಾರಿಗೂ ಕಾಣಲ್ಲ. ಆದ್ರೆ ಮೈಗೆ ಗೊತ್ತಿರುತ್ತೆ. ಮೈ ಹಗಲೂ ರಾತ್ರಿ ಆ ಗಾಯದ ಜೊತೆ ಗುದ್ದಾಡ್ತಾನೇ ಇರುತ್ತೆ. ನಾವು ತಿಂದ ಊಟದ ಸಕ್ಕರೆ ರಕ್ತದಿಂದ ಮೈಯೊಳಗೆ ಹೋಗೋಕೆ ಇನ್ಸುಲಿನ್ ಅನ್ನೋದು ಬೇಕು. ಮೈಯಲ್ಲಿ ಯಾವಾಗಲೂ ಗುದ್ದಾಟ ನಡೀತಿದ್ರೆ ಆ ಇನ್ಸುಲಿನ್ನಿನ ಕೆಲಸ ಕೆಡುತ್ತೆ. ಸಕ್ಕರೆ ರಕ್ತದಲ್ಲೇ ಉಳಿಯುತ್ತೆ."

"ಅಂದ್ರೆ ಸಿಹಿ ತಿನ್ನದಿದ್ರೂ ಶುಗರ್ ಏರಬಹುದಾ?"

"ಏರಬಹುದು. ಬರೀ ಅನ್ನ ತಿಂದ್ರೂ ಅದು ಸಕ್ಕರೆಯೇ ಆಗೋದು. ಇನ್ನೊಂದು ತೊಂದರೆ ಏನು ಗೊತ್ತಾ? ಶುಗರ್ ಏರಿದಷ್ಟೂ ವಸಡು ಇನ್ನೂ ಕೆಡುತ್ತೆ."

ಇಲಿಮರಿ ಸ್ವಲ್ಪ ಯೋಚಿಸಿದಳು. "ನಮ್ಮ ಕ್ಲಾಸಿನ ಅವಳಿ ಅಣ್ಣತಮ್ಮಂದಿರ ಹಾಗೆ. ಅವನು ತಳ್ಳಿದ ಅಂತ ಇವನು ತಳ್ತಾನೆ, ಇವನು ತಳ್ಳಿದ ಅಂತ ಅವನು."

"ಹಾಗೇ. ಯಾರಾದರೂ ಮಧ್ಯೆ ಹೋಗಿ ಬಿಡಿಸಬೇಕು."

"ಕಾಲಿನ ಹೆಬ್ಬೆರಳಿಗೂ ಇದಕ್ಕೂ ಸಂಬಂಧ ಇರುತ್ತಾ? ಬಾಯಿಂದ ಅದು ಎಷ್ಟೊಂದು ದೂರ."

"ರಕ್ತಕ್ಕೆ ಅದೇನು ದೂರ? ಒಂದು ನಿಮಿಷದೊಳಗೆ ಮೈಯೆಲ್ಲ ಒಂದು ಸುತ್ತು ಹಾಕಿ ಬರುತ್ತೆ. ಶುಗರ್ ಜಾಸ್ತಿ ಇದ್ದರೆ ಎಲ್ಲಿಯ ಗಾಯವೂ ಬೇಗ ವಾಸಿಯಾಗಲ್ಲ." ಡಾಕ್ಟರ್ ಲೋಟ ಎತ್ತಿಕೊಂಡರು. "ಆದರೆ ಇದೊಂದೇ ಕಾರಣ ಅಂತ ನೋಡದೆ ಹೇಳೋಕಾಗಲ್ಲ. ಬೇರೆ ಕಾರಣಗಳೂ ಇರಬಹುದು. ಮನೆಯವರಿಗೆ ಹೇಳಿದ್ದೀಯಾ?"

"ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ. ಅವರಿಗೆ ಹಲ್ಲೆಲ್ಲ ಕೀಳ್ತಾರೆ ಅಂತ ಭಯ."

"ಹಾಗಾದ್ರೆ ಮೊದಲು ನಿನ್ನ ಫ್ರೆಂಡ್‌ಗೇ ಹೇಳು. ಅಲ್ಲಾಡೋ ಹಲ್ಲನ್ನೆಲ್ಲ ಕೀಳಬೇಕಂತಿಲ್ಲ. ಸುಮಾರು ಹಲ್ಲು ಉಳಿಸಬಹುದು, ಬೇಗ ಬಂದ್ರೆ."

ಇಲಿಮರಿ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದಳು. ಬೇಕರಿಯ ಹಿಂಬಾಗಿಲಿನಿಂದ ಓಡಿಬಂದು ತಾತನ ಕಿವಿಯಲ್ಲಿ ಎಲ್ಲವನ್ನೂ ಹೇಳಿದಳು. ಅಂಗೈ, ಗುದ್ದಾಟ, ಒಂದು ನಿಮಿಷ, ಹೆಬ್ಬೆರಳು, ಏನೂ ಬಿಡಲಿಲ್ಲ.

ತಾತ ಖುಷಿಪಡಲಿಲ್ಲ. ಮುಖ ಬಿಗಿಯಾಯಿತು.

"ಬ್ರೆಡ್ ಕೊಟ್ಟು ಬಾ ಅಂತ ಕಳಿಸಿದ್ರೆ ನನ್ನ ಬಾಯಿ ಕೊಟ್ಟು ಬಂದೆಯಾ?"

"ನಿನ್ನ ಹೆಸರು ಹೇಳಲಿಲ್ಲ ತಾತ. ಫ್ರೆಂಡ್ ಅಂದೆ."

"ಈ ಬೀದಿಯಲ್ಲಿ ಅರವತ್ತೆಂಟರ ಫ್ರೆಂಡ್ ನಿನಗೆ ಎಷ್ಟು ಜನ ಇದ್ದಾರೆ?"

ಅವತ್ತು ಉಳಿದ ಹೊತ್ತೆಲ್ಲ ತಾತ ಅವಳ ಜೊತೆ ಮಾತಾಡಲಿಲ್ಲ. ಭಾನುವಾರವೂ ಮಾತಾಡಲಿಲ್ಲ. ಇಲಿಮರಿ ನೋಟ್‌ಬುಕ್ಕಿನಲ್ಲಿ ಏನು ಬರೆಯಬೇಕೆಂದು ತಿಳಿಯದೆ, ತಾರೀಖು ಮಾತ್ರ ಬರೆದು ಬಿಟ್ಟಳು.

ಸೋಮವಾರ ಬೆಳಿಗ್ಗೆ ಮೀಟರ್ ಇನ್ನೂರ ಮೂವತ್ತೊಂದು ತೋರಿಸಿತು.

ಅಮ್ಮ ಸದ್ದಿಲ್ಲದೆ ಮೀಟರನ್ನು ಮೇಜಿನ ಮೇಲಿಟ್ಟಳು. ಅಪ್ಪ ಅದನ್ನು ನೋಡಿ, ಕುರ್ಚಿ ಎಳೆದು ತಾತನ ಎದುರಿಗೆ ಕೂತ. ಸಿಟ್ಟಿನಲ್ಲಿ ಇರಲಿಲ್ಲ. ಅದು ಸಿಟ್ಟಿಗಿಂತ ಕಷ್ಟವಾಗಿತ್ತು.

"ಅಪ್ಪ, ನಾಳೆಯಿಂದ ನೀನು ಬೇಕರಿಗೆ ಬರೋದು ಬೇಡ. ಇಲ್ಲೇ ಮನೆಯಲ್ಲಿರು. ಆ ಟ್ರೇಗಳ ಮುಂದೆ ಕೂತರೆ ಯಾರಿಗಾದ್ರೂ ಬಾಯಿ ಕಟ್ಟೋದು ಕಷ್ಟ. ನಿನ್ನ ತಪ್ಪು ಅಂತಲ್ಲ. ಕಾಲು ಹೋದ್ರೆ ಏನು ಮಾಡೋದು?"

ತಾತನ ಕೈಯಿಂದ ಹತ್ತಿ ಕೆಳಗೆ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ.

ಇಲಿಮರಿ ಎದ್ದು ನಿಂತಳು.

"ಜಾಮ್ ಬನ್ ತಿಂದಿದ್ದು ನಾನು."

ಅಪ್ಪ ತಿರುಗಿ ನೋಡಿದ. "ಏನು?"

"ಎರಡೂ ನಾನೇ ತಿಂದೆ. ಮೂಟೆ ಹಿಂದೆ ಕೂತು. ಅವತ್ತೇ ಹೇಳಬೇಕಿತ್ತು, ಹೇಳಲಿಲ್ಲ." ಅವಳು ಚೀಲದಿಂದ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟಳು. "ನೀನು ಹೇಳಿದ ಹಾಗೇ ನೋಡಿದ್ದೀನಿ ಅಪ್ಪ. ಸ್ಕೂಲಿಂದ ಬಂದ ಮೇಲೆ ಪ್ರತಿದಿನ. ತಾತ ಒಂದು ಸಲಾನೂ ಸಿಹಿ ಮುಟ್ಟಿಲ್ಲ. ಬೇಕಾದ್ರೆ ಓದು."

ಅಪ್ಪ ಓದಿದ. ಅಮ್ಮ ಅವನ ಭುಜದ ಮೇಲಿಂದ ಬಗ್ಗಿ ಓದಿದಳು. ಪುಟ ತಿರುಗಿತು. ಇನ್ನೊಂದು ಪುಟ ತಿರುಗಿತು.

"ಸೇಬು ಜೇಬಿಗೆ?" ಎಂದಳು ಅಮ್ಮ ಮೆಲ್ಲಗೆ. "ಫ್ರಿಜ್ ನೀರಿಗೆ ಸ್ಸ್ ಅಂದ್ರೆ ಏನೇ ಇದು?"

"ಅದಕ್ಕೆ ಉತ್ತರ ನನಗೆ ಗೊತ್ತು. ಆದ್ರೆ ನಾನು ಹೇಳಲ್ಲ, ಮಾತು ಕೊಟ್ಟಿದ್ದೀನಿ." ಇಲಿಮರಿ ತಾತನ ಕಡೆ ತಿರುಗಿದಳು. "ತಾತನೇ ಹೇಳಬೇಕು."

ಎಲ್ಲರೂ ತಾತನ ಕಡೆ ನೋಡಿದರು. ಗೋಡೆಯಾಚೆ ಓವನ್ ಗುಂಯ್ ಎನ್ನುತ್ತಿತ್ತು. ಅಂಗಡಿಯ ಮುಂದೆ ಯಾರೋ ಬಂದು, "ಯಾರಿದ್ದೀರಿ?" ಎಂದು ಕೂಗಿದರು. ಯಾರೂ ಏಳಲಿಲ್ಲ.

"ಬ್ರೆಡ್ ಗಟ್ಟಿ ಇರಲಿಲ್ಲ ಕಣೋ," ಎಂದ ತಾತ.

ಅಪ್ಪನಿಗೆ ಅರ್ಥವಾಗಲಿಲ್ಲ.

"ನೀನು ಸರಿಯಾಗೇ ಮಾಡ್ತಿದ್ದೆ. ನನಗಿಂತ ಚೆನ್ನಾಗೇ ಮಾಡ್ತಿದ್ದೆ. ಕಚ್ಚೋಕೆ ನನ್ನ ಕೈಲಾಗ್ತಿರಲಿಲ್ಲ." ತಾತ ಬಾಯಿ ತೆರೆದು ತೋರಿಸಿದ.

ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಅಪ್ಪ ಎದ್ದು ಓವನ್ ನೋಡುವವನ ಹಾಗೆ ಬೇಕರಿಯ ಬಾಗಿಲ ತನಕ ಹೋದ. ಅಲ್ಲೇ ನಿಂತು ಒಮ್ಮೆ ಮೂಗೆಳೆದುಕೊಂಡ. ವಾಪಸ್ ಬಂದಾಗ ಅವನ ಕೆನ್ನೆಯ ಮೇಲೆ ಹಿಟ್ಟಿನ ಗುರುತು ಇತ್ತು.

"ಎದ್ದೇಳು. ಚಪ್ಪಲಿ ಹಾಕ್ಕೊ," ಎಂದ. "ಹೋಗೋಣ."

"ಬ್ರೆಡ್ ಸುಟ್ಟುಹೋಗುತ್ತೆ."

"ಹೋಗಲಿ ಬಿಡು."

ಆದರೆ ಅಮ್ಮ ಬ್ರೆಡ್ ಸುಟ್ಟುಹೋಗಲು ಬಿಡಲಿಲ್ಲ. ಕೈಬಟ್ಟೆ ಹಿಡಿದು ಟ್ರೇ ಇಳಿಸಿದ ಮೇಲೆಯೇ ಅವರನ್ನು ಕಳಿಸಿದಳು. ಇಲಿಮರಿಗೆ ಸ್ಕೂಲಿಗೆ ಹೊತ್ತಾಗಿತ್ತು. ಆದರೂ ಅಪ್ಪ, "ಇವಳೂ ಬರಲಿ, ಇವಳಿಗೇ ಎಲ್ಲ ಗೊತ್ತಿರೋದು," ಎಂದ.

ಕ್ಲಿನಿಕ್ಕಿನಲ್ಲಿ ಡಾಕ್ಟರ್ ತಾತನನ್ನು ನೋಡಿ, "ಫ್ರೆಂಡ್ ಬಂದರಾ," ಎಂದರು. ತಾತ ಇಲಿಮರಿಯ ಕಡೆ ಓರೆಗಣ್ಣಿನಿಂದ ನೋಡಿದ. ಆದರೆ ಕುರ್ಚಿಯಲ್ಲಿ ಒರಗಿಕೊಂಡಾಗ ಅವಳ ಕೈ ಬಿಡಲಿಲ್ಲ. ಅಷ್ಟು ದೊಡ್ಡ ಮೂಟೆಗಳನ್ನು ಎತ್ತಿದ ಕೈ ಒದ್ದೆಯಾಗಿತ್ತು.

ಡಾಕ್ಟರ್ ಸಣ್ಣ ಕನ್ನಡಿಯನ್ನು ತಾತನ ಬಾಯಿಯೊಳಗೆ ಹಿಡಿದು ಇಲಿಮರಿಗೂ ತೋರಿಸಿದರು. ಹಲ್ಲಿನ ಬುಡಗಳಲ್ಲಿ ಹಳದಿ ಬಣ್ಣದ ಕೊಳೆ ಕಲ್ಲಿನ ಹಾಗೆ ಕಟ್ಟಿಕೊಂಡಿತ್ತು. ಅದರ ಕೆಳಗೆ, ವಸಡಿನ ಒಳಗೆ, ಡಾಕ್ಟರ್ ಹಿಡಿದಿದ್ದ ಸೂಜಿಯಂಥ ಕಡ್ಡಿ ಆಳಕ್ಕೆ ಇಳಿಯುತ್ತಿತ್ತು. ಇಲಿಮರಿ ಇಷ್ಟು ದಿನ ಹಲ್ಲು ಎಂದರೆ ಹೊರಗೆ ಕಾಣುವ ಬಿಳಿ ಮಾತ್ರ ಅಂದುಕೊಂಡಿದ್ದಳು.

ಒಂದೇ ದಿನದಲ್ಲಿ ಏನೂ ಮುಗಿಯಲಿಲ್ಲ. ಹಲ್ಲಿನ ಡಾಕ್ಟರ್ ಮೊದಲು ಶುಗರಿನ ಡಾಕ್ಟರ್‌ಗೆ ಫೋನ್ ಮಾಡಿ ಮಾತಾಡಿದರು. ತಾತ ನಾಲ್ಕು ಸಲ ಕ್ಲಿನಿಕ್ಕಿಗೆ ಹೋಗಿ ಆ ಕೊಳೆಯನ್ನೆಲ್ಲ ತೆಗೆಸಿಕೊಂಡ. ಎರಡು ಹಲ್ಲು ಕೀಳಲೇಬೇಕಾಯಿತು, ಮಿಕ್ಕವು ಉಳಿದವು. ಮೆತ್ತನೆಯ ಬ್ರಷ್ ಹಿಡಿದು ನಿಧಾನವಾಗಿ ಹೇಗೆ ಉಜ್ಜಬೇಕು ಎಂದು ಡಾಕ್ಟರ್ ಹೇಳಿಕೊಟ್ಟರು. ತಾತ ಬಚ್ಚಲಿನಲ್ಲಿ ನಿಂತು ಅದನ್ನು ಮಾಡುವಾಗ ಇಲಿಮರಿ ಗಡಿಯಾರ ನೋಡುತ್ತಿದ್ದಳು. "ಎರಡು ನಿಮಿಷ ಆಗಿಲ್ಲ ತಾತ," ಎನ್ನುತ್ತಿದ್ದಳು. ತಾತ ನೊರೆ ತುಂಬಿದ ಬಾಯಿಯಲ್ಲಿ ಏನೋ ಬೈಯುತ್ತಿದ್ದ. ಏನೆಂದು ತಿಳಿಯುತ್ತಿರಲಿಲ್ಲವಾದ್ದರಿಂದ ಅವಳಿಗೆ ಬೇಸರವಾಗುತ್ತಿರಲಿಲ್ಲ.

ಅಪ್ಪ ತಾತನಿಗೆ ಬೇಕರಿ ಬೇಡ ಎಂದು ಮತ್ತೆ ಹೇಳಲೇ ಇಲ್ಲ. ಬದಲಿಗೆ ಹಿಟ್ಟು ನಾದುವಾಗೆಲ್ಲ, "ಇಷ್ಟು ಸಾಕಾ, ನೋಡು," ಎಂದು ತಾತನ ಕೈಯನ್ನು ಹಿಟ್ಟಿನ ಮೇಲೆ ಇಡಿಸಿ ಕೇಳುತ್ತಿದ್ದ. ತಾತ ಬೆರಳಿನಿಂದ ಒತ್ತಿ, ಹಿಟ್ಟು ಮೇಲೇಳುವುದನ್ನು ನೋಡಿ, "ಇನ್ನೊಂದು ಸುತ್ತು," ಎನ್ನುತ್ತಿದ್ದ. ಅಪ್ಪ ಇನ್ನೊಂದು ಸುತ್ತು ನಾದುತ್ತಿದ್ದ.

ಮೂರು ತಿಂಗಳ ನಂತರ ಶುಗರಿನ ಡಾಕ್ಟರ್ ರಕ್ತ ಪರೀಕ್ಷೆಯ ಕಾಗದ ನೋಡಿ, ಇಳಿದಿದೆ ಎಂದರು. ಪೂರ್ತಿ ಸರಿಯಾಗಿಲ್ಲ, ಆದರೆ ಇಳಿದಿದೆ. ಹೆಬ್ಬೆರಳಿನ ಮೇಲೆ ಹೊಸ ಚರ್ಮ ಬಂದಿತ್ತು, ತೆಳ್ಳಗೆ, ಗುಲಾಬಿ ಬಣ್ಣಕ್ಕೆ.

"ಹಲ್ಲು ಸರಿ ಮಾಡಿಸಿದ್ದಕ್ಕಾ?" ಎಂದು ಇಲಿಮರಿ ಕೇಳಿದಳು.

"ಅದೂ ಇರಬಹುದು. ಮಾತ್ರೆಯೂ ಇರಬಹುದು. ಸರಿಯಾಗಿ ಅಗಿದು ಊಟ ಮಾಡ್ತಿರೋದೂ ಇರಬಹುದು. ಯಾವುದು ಎಷ್ಟು ಅಂತ ಬಿಡಿಸಿ ಹೇಳೋದು ಕಷ್ಟ," ಎಂದರು ಡಾಕ್ಟರ್.

ಇಲಿಮರಿಗೆ ಆ ಉತ್ತರ ಪೂರ್ತಿ ಸಾಲಲಿಲ್ಲ. ಆದರೂ ಡಾಕ್ಟರ್ ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಲಿಲ್ಲವಲ್ಲ ಅನ್ನಿಸಿತು.

ವಾಪಸ್ ಬರುವಾಗ ತಾತ ಮೊದಲಿಗಿಂತ ಬೇಗ ನಡೆಯುತ್ತಿದ್ದ. ಅವಳು ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದಳು.

"ತಾತ, ಅಷ್ಟು ದಿನ ಅಮ್ಮ ದಿನಾ ಬೆಳಿಗ್ಗೆ ಕೇಳ್ತಿದ್ದಳಲ್ಲ, ಒಂದು ದಿನಾನೂ ಹೇಳಬೇಕು ಅನ್ನಿಸಲಿಲ್ವಾ?"

"ಏನು ಕೇಳ್ತಿದ್ದಳು?"

"ಏನು ತಿಂದ್ರಿ ಅಂತ."

"ಅದಕ್ಕೆ ಉತ್ತರ ಕೊಡ್ತಿದ್ದೆನಲ್ಲ. ಏನೂ ತಿಂದಿಲ್ಲ ಅಂತ." ತಾತ ಎರಡು ಹೆಜ್ಜೆ ನಡೆದು ಹೇಳಿದ. "ನೋಯುತ್ತಾ ಅಂತ ಕೇಳಿದವಳು ನೀನೊಬ್ಬಳೇ."

ಇಲಿಮರಿ ಮನೆ ಬರುವ ತನಕ ರಸ್ತೆಯ ಅಂಚಿನ ಕಲ್ಲುಗಳ ಮೇಲೆ ಒಂದೊಂದಾಗಿ ಕಾಲಿಡುತ್ತ ನಡೆದಳು.

ಬೇಕರಿಯಲ್ಲಿ ಸಾಯಂಕಾಲದ ನೂಕುನುಗ್ಗಲು. ಅಮ್ಮ ಕೌಂಟರಿನ ಹಿಂದೆ ನಿಂತು ಒಬ್ಬರಿಗೆ ಬ್ರೆಡ್ ಸುತ್ತಿಕೊಡುತ್ತ, ಇನ್ನೊಬ್ಬರಿಗೆ ಚಿಲ್ಲರೆ ಕೊಡುತ್ತ, ಮೂರನೆಯವರಿಗೆ ನಗುತ್ತ ಏನೋ ಹೇಳುತ್ತಿದ್ದಳು. ಎಂದಿನ ಹಾಗೇ. ಇಲಿಮರಿ ಮೂಟೆಗಳ ಕಡೆ ಹೋಗುತ್ತಿದ್ದವಳು ನಿಂತಳು. ಅಮ್ಮ ಒಂದು ಕಾಲಿನ ಚಪ್ಪಲಿ ಕಳಚಿ, ಆ ಪಾದವನ್ನು ಇನ್ನೊಂದು ಪಾದದ ಮೇಲೆ ಉಜ್ಜುತ್ತಿದ್ದಳು. ಸ್ವಲ್ಪ ಹೊತ್ತಿಗೆ ಕಾಲು ಬದಲಾಯಿಸಿದಳು. ಮುಖದ ಮೇಲಿನ ನಗು ಹಾಗೇ ಇತ್ತು.

ಇಲಿಮರಿ ಒಳಗೆ ಹೋಗಿ, ಅಡುಗೆಮನೆಯ ಎತ್ತರದ ಸ್ಟೂಲನ್ನು ಎರಡು ಕೈಯಲ್ಲೂ ಎತ್ತಿಕೊಂಡು, ಬಾಗಿಲಿಗೆ ಒಮ್ಮೆ ಡಿಕ್ಕಿ ಹೊಡೆಸಿ, ಕೌಂಟರಿನ ಹಿಂದೆ ತಂದಿಟ್ಟಳು.

"ಅಮ್ಮ, ಕಾಲು ನೋಯ್ತಿದೆಯಾ?"

ಅಮ್ಮ ಬ್ರೆಡ್ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿ ಅವಳನ್ನು ನೋಡಿದಳು.

"ಯಾರೇ ನಿನಗೆ ಹೇಳಿದ್ದು?"

"ಯಾರೂ ಹೇಳಲಿಲ್ಲ," ಎಂದಳು ಇಲಿಮರಿ.